‘ಹೋರ್ಟಸ್ ಮಲಬಾರಿಕಸ್’ ಮತ್ತು ಪಶ್ಚಿಮ ಕರಾವಳಿಯ ಮೂಲಿಕಾ ವಿದ್ಯೆ

ಕ್ರಿ. ಶ. 1678ರಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಲ್ಯಾಟಿನ್ ಭಾಷೆಯ ಒಂದು ಬೃಹದ್ಗ್ರಂಥದ ಮೊದಲನೆಯ ಸಂಪುಟವು ಅಚ್ಚಾಯಿತು. ಅದರ ಆದಿಭಾಗದಲ್ಲಿ ಯೂರೋಪಿನ ಓದುಗರಾರೂ ಓದಲಾರದ ಲಿಪಿಗಳಲ್ಲಿ ಕೆಲವು ಪ್ರಮಾಣಪತ್ರಗಳಿವೆ. ಒಂದು ಕೋಲೆೞುತ್ತು ಲಿಪಿಯ ಮಲೆಯಾಳದಲ್ಲಿದೆ. ಇನ್ನೊಂದು ನಾಗರೀ ಲಿಪಿಯ ಕೊಂಕಣಿಯಲ್ಲಿದೆ. ಎರಡಕ್ಕೂ 1675ನೆಯ ಏಪ್ರಿಲ್ 20ರ ದಿನಾಂಕವಿದೆ. ಗ್ರಂಥದ ಹೆಸರು ‘ಹೋರ್ಟಸ್ ಇಂಡಿಕಸ್ ಮಲಬಾರಿಕಸ್’, ಎಂದರೆ ಮಲಬಾರಿನ ಉದ್ಯಾನ. ಹನ್ನೆರಡು ಸಂಪುಟಗಳ ಈ ಗ್ರಂಥವು ಪೂರ್ಣವಾದುದು 1693ರಲ್ಲಿ. ನಮ್ಮ ಪಶ್ಚಿಮ ಕರಾವಳಿಯ ಏಳು ನೂರಕ್ಕೂ ಮಿಕ್ಕ ಸಸ್ಯಗಳ ವರ್ಣನೆ, ಚಿತ್ರ ಮತ್ತು ಔಷಧೋಪಯೋಗಗಳು ಅದರಲ್ಲಿ ಅಡಕವಾಗಿವೆ. ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಅದರ ಸ್ಥಾನವನ್ನು ಬಲ್ಲವರು ಅನೇಕರಿದ್ದಾರೆ. ಮೂಲಿಕೆಗಳನ್ನು ಬಲ್ಲ ಸಮುದಾಯಗಳ ವಿದ್ಯೆಯಲ್ಲಿ ಯಾವ ಭಾಗವು ಆ ಗ್ರಂಥದೊಳಕ್ಕೆ ಬಂದಿತು, ಯಾವ ಭಾಗವು ಬಾರದೆ ಹೊರಗುಳಿಯಿತು ಎಂಬ ಪ್ರಶ್ನೆಯನ್ನು ಮಾತ್ರ ಇಲ್ಲಿ ವಿವೇಚಿಸಲಾಗುವುದು.

ಗ್ರಂಥದ ಕರ್ತೃವೆಂದು ಹೆಸರಾದ ಹೆಂಡ್ರಿಕ್ ಆಡ್ರಿಯಾನ್ ವಾನ್ ರೀಡ್ ಸಸ್ಯಶಾಸ್ತ್ರಜ್ಞನಲ್ಲ, ಸೈನಿಕ. ಡಚ್ಚರು 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡರು. 1670ರಿಂದ 1677ರವರೆಗೆ ಮಲಬಾರಿನ ಆಡಳಿತವು ಈತನ ಕೈಯಲ್ಲಿದ್ದಿತು. ಕಂಪೆನಿಯ ನೌಕರರಿಗೆ ಬೇಕಾದ ಔಷಧಗಳು ಯೂರೋಪಿನಿಂದ ಹಡಗಿನಲ್ಲಿ ಬರುವಷ್ಟರಲ್ಲಿ ಸತ್ವಗುಂದುತ್ತಿದ್ದುವು. ಅವುಗಳಲ್ಲಿ ಕೆಲವಂತೂ ಪೂರ್ವದೇಶಗಳಿಂದಲೇ ಅಲ್ಲಿಗೆ ಹೋಗಿ ಹಿಂದಿರುಗುತ್ತಿದ್ದ ಸಾಮಗ್ರಿಗಳು. ಸ್ಥಳದಲ್ಲಿಯೇ ಮದ್ದು ದೊರೆಯುವುದಾದರೆ ಲಾಭವೆಂಬ ವ್ಯಾಪಾರಬುದ್ಧಿಯು ಈ ಕಾರ್ಯದ ಹಿಂದೆ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ. ಇದಕ್ಕಿಂತ ನೂರು ವರ್ಷಗಳಿಗೂ ಹಿಂದೆ, 1563ರಲ್ಲಿ, ಗಾರ್ಸಿಯ ದ ಓರ್ತನು ಗೋವೆಯಲ್ಲಿ ಇಂಥದೇ ವಿಷಯದ ಮೇಲೆ ಸಂವಾದರೂಪದ ಗ್ರಂಥವೊಂದನ್ನು ಅಚ್ಚು ಹಾಕಿಸಿದ್ದನು. ಆದರೆ ಅಲ್ಲಿ ದೇಶೀಯ ವೈದ್ಯರ ಮಾತು ಗ್ರಂಥಕರ್ತನ ಬಾಯಿಂದ ಮಾತ್ರ ಕೇಳಿಬರುತ್ತದೆ. ವಾನ್ ರೀಡನು ತನಗೆ ತಿಳಿಸಿಕೊಟ್ಟವರ ಹೆಸರುಗಳನ್ನೂ ಅವರ ಕೈಬರಹವನ್ನೂ ಗ್ರಂಥದ ಮುಂದೆಯೇ ಅಚ್ಚು ಹಾಕಿಸಿದನು. ಆ ಕಾಲದಲ್ಲಿ ಇದು ಅಪರೂಪವಾದ ಸಂಗತಿ.

ಈ ಪತ್ರಗಳನ್ನು ಕೊಟ್ಟವರು ಯಾರು? ಕೋಲೆೞುತ್ತಿನ ಪತ್ರವು ಇಟ್ಟಿ ಅಚ್ಯುತನ್ ಎಂಬ ವೈದ್ಯನದು. ಈತನು ಚೇರ್ತಲದ ಸಮೀಪದ ಕರಪ್ಪುರದ ಕಡಕ್ಕರಪ್ಪಳ್ಳಿಯವನು, ಕೊಲ್ಲಾಟ್ಟ್ ಮನೆತನದವನು, ಈಳವ ಜಾತಿಯವನು, ವಂಶಪಾರಂಪರ್ಯವಾಗಿ ವೈದ್ಯವೃತ್ತಿಯನ್ನು ನಡೆಸುತ್ತ ಬಂದವನು. ತನ್ನ ಮನೆಯ ಗ್ರಂಥದಲ್ಲಿರುವುದನ್ನೂ ಬಹುಕಾಲದ ಅನುಭವದಿಂದ ತಿಳಿದುದನ್ನೂ ಸೇರಿಸಿ ಗಿಡಮರಬಳ್ಳಿಗಳ ಹೆಸರುಗಳನ್ನೂ ಗುಣಗಳನ್ನೂ ಹೇಳಿ ಬರೆಯಿಸಿದೆನೆಂದು ಆತನು ತಿಳಿಸಿದ್ದಾನೆ. ಆತನ ಮಾತನ್ನು ಬರೆದುಕೊಂಡವನು ಕಂಪೆನಿಯ ದುಭಾಷಿಯಾದ ಇಮ್ಯಾನುಯೆಲ್ ಕಾರ್ನೇರೋ. ಆತನು ಮಲೆಯಾಳದಿಂದ ಪೋರ್ಚುಗೀಸಿಗೆ ತಂದುದು ಅಲ್ಲಿಂದ ಲ್ಯಾಟಿನ್ನಿಗೆ ಬಂದಿತು. ವೈದ್ಯನ ಒಂದೊಂದು ಮಾತೂ ಎರಡು ಸಲ ಭಾಷೆ ಬದಲಿಸಿ ಅಚ್ಚಿನ ಮನೆಯನ್ನು ಸೇರಿತೆಂಬುದನ್ನು ಓದುಗರು ನೆನಪಿನಲ್ಲಿಡತಕ್ಕದ್ದು.

ಕೊಂಕಣಿಯ ಪತ್ರಕ್ಕೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರ ಹೆಸರುಗಳಿವೆ. ಗೋವೆಯಲ್ಲಿ ಪೋರ್ಚುಗೀಸರ ಮತೀಯ ಪೀಡನೆಯನ್ನು ತಾಳಲಾರದೆ ಹದಿನಾರನೆಯ ಶತಮಾನದಲ್ಲಿ ಅನೇಕ ಕೊಂಕಣಿ ಕುಟುಂಬಗಳು ದಕ್ಷಿಣಾಭಿಮುಖವಾಗಿ ಹೊರಟವು. ಅವುಗಳಲ್ಲಿ ಕೆಲವು ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ ನಿಂತವು, ಕೆಲವು ಕೊಚ್ಚಿಯವರೆಗೂ ಹೋದವು. ಕೊಚ್ಚಿಯ ಈ ಮೂವರು ಪಂಡಿತರು ಕನ್ನಡ ಕರಾವಳಿಯ ಜನಕ್ಕೆ ಅಪರಿಚಿತರೇನೂ ಅಲ್ಲ. ಮೂಲಿಕೆಗಳನ್ನು ಬಲ್ಲ ಜನರನ್ನು ಕಳುಹಿಸಿ, ಎಲೆ, ಹೂ, ಕಾಯಿಗಳು ದೊರೆಯುವ ಆಯಾ ಋತುಗಳಲ್ಲಿ ಸಸ್ಯಗಳನ್ನು ತರಿಸಿ, ಮಹಾನಿಘಂಟಿನೊಡನೆ ಹೋಲಿಸಿ, ಎರಡು ವರ್ಷಕಾಲ ಈ ಕೆಲಸವನ್ನು ಮಾಡಿದೆವೆಂಬುದು ಅವರ ಪತ್ರದ ಸಾರ.

ಮೇಲಿನ ಎರಡು ಪತ್ರಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಎರಡು ಬಗೆಯ ವಿದ್ಯೆಗಳು ಸ್ಪಷ್ಟವಾಗಿ ಕಾಣುತ್ತವೆ. ಪಂಡಿತರದು ಶಾಸ್ತ್ರದಿಂದ ಸಸ್ಯಕ್ಕೆ ಬರುವ ಮಾರ್ಗ. 1682ರಲ್ಲಿ ಹೊರಟ ಮೂರನೆಯ ಸಂಪುಟದ ಮುನ್ನುಡಿಯಲ್ಲಿ ವಾನ್ ರೀಡನು ಅವರನ್ನು ಕುರಿತು ಆಶ್ಚರ್ಯದಿಂದ ಬರೆದಿದ್ದಾನೆ. ಸಸ್ಯದ ಹೆಸರಿನಿಂದಲೇ ಆರಂಭವಾಗುವ ಶ್ಲೋಕಗಳನ್ನು ಅವರು ಬಾಯಿಪಾಠವಾಗಿ ಹೇಳುತ್ತಿದ್ದರು. ಅದರ ರೂಪ, ಬೆಳೆಯುವ ಸ್ಥಳ, ಕಾಲ, ಗುಣ ಎಲ್ಲವೂ ಶ್ಲೋಕದಲ್ಲಿರುತ್ತಿದ್ದುವು. ಭಿನ್ನಾಭಿಪ್ರಾಯ ಬಂದಾಗ ಕೋಪವಿಲ್ಲದೆ, ಹಿರಿಯರ ಮಾತಿಗೆ ಗೌರವವಿತ್ತು ವಾದಿಸುತ್ತಿದ್ದರು. ಇಟ್ಟಿ ಅಚ್ಯುತನದು ಸಸ್ಯದಿಂದ ಹೊರಟ ಮಾರ್ಗ. ಆತನಿಗೂ ಓಲೆಗರಿಯ ಗ್ರಂಥವಿದ್ದಿತಾದರೂ ಅದು ಒಂದು ಮನೆಯ ಗ್ರಂಥ. ಅದರ ಪ್ರಾಮಾಣ್ಯವು ಆ ಮನೆಯವರು ಕೈಯಾರೆ ಮಾಡಿದ ಚಿಕಿತ್ಸೆಯಲ್ಲಿದೆ. ಇವೆರಡರ ನಡುವೆ ಮೂರನೆಯದೊಂದಿದೆ. ಪಂಡಿತರು ಹೇಳುವ ‘ಮೂಲಿಕೆಗಳನ್ನು ಬಲ್ಲ ಜನ’ ಯಾರು? ಮರವೇರಿ ಕೊಂಬೆ ಮುರಿದವರು, ಕಾಡಿನಲ್ಲಿ ಹೂವಿನ ಕಾಲವನ್ನು ಕಾದು ತಂದವರು. ಹನ್ನೆರಡು ಸಂಪುಟಗಳಲ್ಲಿ ಅವರಿಗೆ ಹೆಸರಿಲ್ಲ. ಅವರ ಕಣ್ಣು ತಪ್ಪಿದ್ದರೆ ಪಂಡಿತರ ಶ್ಲೋಕವಾಗಲಿ ಡಚ್ ಚಿತ್ರಕಾರರ ಲೇಖನಿಯಾಗಲಿ ಏನು ಮಾಡಲು ಸಾಧ್ಯವಿದ್ದಿತು?

ಗ್ರಂಥದ ಬೆನ್ನೆಲುಬು ಯಾರ ವಿದ್ಯೆಯೆಂಬ ವಿಷಯದಲ್ಲಿ ವಿದ್ವಾಂಸರೊಳಗೆ ಚರ್ಚೆಯುಂಟು. ರಿಚರ್ಡ್ ಗ್ರೋವ್ ಎಂಬ ಇತಿಹಾಸಕಾರರು 1990ರ ದಶಕದಲ್ಲಿ, ಇದರಲ್ಲಿ ಮೇಲುಗೈಯಾದುದು ಬ್ರಾಹ್ಮಣ ಶಾಸ್ತ್ರವಲ್ಲ, ಈಳವರ ವರ್ಗೀಕರಣವೇ ಎಂದು ಪ್ರತಿಪಾದಿಸಿದರು. ಈ ವಾದಕ್ಕೆ ಬಲವಾದ ಆಧಾರವೆಂದರೆ ಹೆಸರುಗಳು. ಪ್ರತಿಯೊಂದು ಅಧ್ಯಾಯದ ಶಿರೋನಾಮವೂ ಮಲೆಯಾಳದ ಹೆಸರೇ. ಆದರೆ ಮೂರನೆಯ ಸಂಪುಟದ ಮುನ್ನುಡಿಯನ್ನು ಓದಿದವರಿಗೆ ಪಂಡಿತರನ್ನು ಇಷ್ಟು ಸುಲಭವಾಗಿ ಬದಿಗೆ ಸರಿಸುವುದು ಉಚಿತವೆನಿಸದು. ನಮಗೆ ತೋರುವಂತೆ, ಹೆಸರು ಮತ್ತು ಪ್ರಯೋಗ ಈಳವ ವೈದ್ಯನ ಕಡೆಯಿಂದಲೂ, ವಾದ ಮತ್ತು ಪರಿಶೀಲನೆ ಪಂಡಿತರ ಕಡೆಯಿಂದಲೂ ಬಂದಿವೆ.

ಹೆಸರುಗಳ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಮೊದಲನೆಯ ಸಂಪುಟದ 45, 46, 47ನೆಯ ಚಿತ್ರಗಳ ಹೆಸರುಗಳು ಕ್ರಮವಾಗಿ ‘ಪಾಲ’, ‘ಕುರುಟು ಪಾಲ’, ‘ಕೊಡಗ ಪಾಲ’. ಮೂರೂ ಮುರಿದರೆ ಹಾಲು ಸುರಿಸುವ ಮರಗಳು. ಹೀಗೆ ಹಾಲಿನ ಲಕ್ಷಣದಿಂದ ಒಂದು ಕುಲವನ್ನು ಕಲ್ಪಿಸಿ ವಿಶೇಷಣದಿಂದ ಅದರ ಭೇದಗಳನ್ನು ಗುರುತಿಸುವುದು ಮಲೆಯಾಳದ ಜನರ ಪದ್ಧತಿ. ಇಂದಿನ ಸಸ್ಯಶಾಸ್ತ್ರವೂ ಈ ಮೂರನ್ನು ಒಂದೇ ಕುಟುಂಬದಲ್ಲಿ ಸೇರಿಸುತ್ತದೆ. ಪಕಾರವು ಹಕಾರವಾಗುವ ಕನ್ನಡದಲ್ಲಿ ಇದೇ ‘ಪಾಲೆ’ಯು ‘ಹಾಲೆ’ಯಾಗಿದೆ. ಲಿನೇಯಸನು ಮಲಬಾರಿನ ಸಸ್ಯಗಳಿಗೆ ಈ ಗ್ರಂಥವನ್ನೇ ಬಹುವಾಗಿ ನಂಬಿದ್ದರಿಂದ ಇಲ್ಲಿಯ ಹೆಸರುಗಳು ಜಗತ್ತಿನ ಸಸ್ಯಶಾಸ್ತ್ರದೊಳಕ್ಕೆ ಹೊಕ್ಕವು. ನಮ್ಮ ಬಸಳೆಯು ‘ಬಸೆಲ್ಲ’ ಎಂಬ ಕುಲನಾಮವಾಗಿ, ಮಲೆಯಾಳದ ಏಲತ್ತರಿಯು ‘ಎಲೆಟ್ಟೇರಿಯ’ ಎಂಬ ಏಲಕ್ಕಿಯ ಕುಲನಾಮವಾಗಿ ಈಗಲೂ ಉಳಿದಿವೆ.

ಹೆಸರು ಸಮುದ್ರವನ್ನು ದಾಟಿತು. ಗುರುತಿಸುವ ವಿದ್ಯೆಯು ಅದರೊಡನೆ ದಾಟಿತೇ? ಮೇಲೆ ಹೇಳಿದ ಕೊಡಗ ಪಾಲದ ಚರಿತ್ರೆಯು ಇದಕ್ಕೆ ಉತ್ತರವನ್ನು ಕೊಡುತ್ತದೆ. ಇದು ಸಂಸ್ಕೃತದ ಕುಟಜ, ಕನ್ನಡದ ಕೊಡಸಿಗೆ. ಇದರ ತೊಗಟೆಯು ಅತಿಸಾರ, ರಕ್ತಾತಿಸಾರಗಳಿಗೆ ಸಿದ್ಧೌಷಧವೆಂದು ಇಟ್ಟಿ ಅಚ್ಯುತನ ಕಾಲಕ್ಕೆ ಬಹು ಹಿಂದಿನಿಂದಲೂ ಪ್ರಸಿದ್ಧವಾಗಿದ್ದಿತು. ಹದಿನೆಂಟನೆಯ ಶತಮಾನದಲ್ಲಿ ಇದು ‘ಕೊನೆಸಿ ತೊಗಟೆ’ ಎಂಬ ಹೆಸರಿನಿಂದ ಯೂರೋಪಿನ ಔಷಧದಂಗಡಿಗಳಿಗೂ ಹೋಯಿತು. ಆದರೆ ಲಿನೇಯಸನು 1753ರಲ್ಲಿ ‘ನೇರಿಯಂ ಆಂಟಿಡಿಸೆಂಟೆರಿಕಂ’ ಎಂದು ನಾಮಕರಣ ಮಾಡುವಾಗ ಹೋರ್ಟಸ್ ಗ್ರಂಥದ ಕೊಡಗ ಪಾಲವನ್ನೂ ಸಿಂಹಳದ ಬೇರೊಂದು ಗಿಡವನ್ನೂ ಒಂದೇ ಹೆಸರಿನ ಕೆಳಗೆ ತಂದನು. ರಾಬರ್ಟ್ ಬ್ರೌನನು 1810ರಲ್ಲಿ ‘ಹೊಲರೀನ’, ‘ರೈಟಿಯ’ ಎಂಬ ಎರಡು ಕುಲಗಳನ್ನು ಬೇರ್ಪಡಿಸಿದನು. ‘ರಕ್ತಾತಿಸಾರವನ್ನು ಗುಣಪಡಿಸುವುದು’ ಎಂಬರ್ಥದ ವಿಶೇಷಣವು ಇಂದಿಗೂ ರೈಟಿಯ ಕುಲದ ಆ ಸಿಂಹಳದ ಗಿಡಕ್ಕೇ ಅಂಟಿಕೊಂಡಿರುವುದು ವಿನೋದದ ಸಂಗತಿ.

ವ್ಯಾಪಾರದಲ್ಲಾದ ಗೊಂದಲವು ಮಾತ್ರ ವಿನೋದದ್ದಲ್ಲ. ಕೊಡಸಿಗೆಯನ್ನು ಬಹುಮಟ್ಟಿಗೆ ಹೋಲುವ ರೈಟಿಯ ಟಿಂಕ್ಟೋರಿಯ ಎಂಬ ಮರದ ತೊಗಟೆಯು ಅದೇ ಹೆಸರಿನಲ್ಲಿ ಮಾರಾಟವಾಗತೊಡಗಿತು. ಕೊಡಸಿಗೆಯ ತೊಗಟೆ ಬಲು ಕಹಿ. ಇನ್ನೊಂದರಲ್ಲಿ ಆ ಕಹಿಯೂ ಇಲ್ಲ, ಆ ಗುಣವೂ ಇಲ್ಲ. ಮದ್ದು ಹಿಡಿಯಲಿಲ್ಲ, ವೈದ್ಯರು ಅದನ್ನು ಕೈಬಿಟ್ಟರು. ಒಳ್ಳೆಯ ಔಷಧವೊಂದು ಈ ಗೊಂದಲದಿಂದ ಕೆಟ್ಟ ಹೆಸರು ಪಡೆಯಿತೆಂದು ಹತ್ತೊಂಬತ್ತನೆಯ ಶತಮಾನದ ಔಷಧ ಗ್ರಂಥಗಳು ಹೇಳುತ್ತವೆ. ಹೋರ್ಟಸ್ ಗ್ರಂಥದ ಚಿತ್ರವು ಸುಂದರವಾಗಿದೆ, ವರ್ಣನೆಯು ವಿವರವಾಗಿದೆ. ಅಂಗಡಿಗೆ ಬರುವುದಾದರೋ ಒಣಗಿದ ತೊಗಟೆ. ಅದನ್ನು ನಾಲಗೆಗೆ ಮುಟ್ಟಿಸಿ ಇದು ಅದಲ್ಲವೆಂದು ಎಸೆಯುವವನು ಅಲ್ಲಿ ಇರಲಿಲ್ಲ. ನಮ್ಮ ಶಾಸ್ತ್ರಕಾರರಿಗೆ ಈ ಹೋಲಿಕೆಯು ತಿಳಿಯದ್ದಲ್ಲ. ಚರಕಸಂಹಿತೆಯಲ್ಲಿಯೇ ಹೂ, ಕಾಯಿಗಳ ಭೇದದಿಂದ ಪುರುಷ ಕುಟಜ, ಸ್ತ್ರೀ ಕುಟಜಗಳೆಂಬ ವಿಂಗಡಣೆಯಿದೆ.

ನಮ್ಮ ನಾಡಿನಲ್ಲಿಯೇ ಹೆಸರೆಂಬುದು ಎಷ್ಟು ಜಾರುವ ವಸ್ತುವೆಂಬುದನ್ನೂ ಇಲ್ಲಿ ಹೇಳಬಹುದು. ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿಯು ಹಾಲೆ ಮರ ಅಥವಾ ಆಲೆ ಮರವೆನ್ನುವುದು ಮೇಲೆ ಹೇಳಿದ ರೈಟಿಯ ಟಿಂಕ್ಟೋರಿಯವನ್ನು. ಕರಾವಳಿಯ ಹಾಲೆ, ತುಳುವಿನ ಪಾಲೆ, ಹೋರ್ಟಸ್ ಗ್ರಂಥದ 45ನೆಯ ಚಿತ್ರದ ‘ಪಾಲ’ವೇ ಆಗಿದೆ, ಎಂದರೆ ಸಪ್ತಪರ್ಣ. ಇದರ ಮರದಿಂದ ಮಕ್ಕಳು ಬರೆಯುವ ಹಲಗೆಗಳನ್ನು ಮಾಡುತ್ತಿದ್ದುದರಿಂದ ಸಸ್ಯಶಾಸ್ತ್ರದಲ್ಲಿ ಇದಕ್ಕೆ ‘ಸ್ಕೊಲಾರಿಸ್’ ಎಂಬ ವಿಶೇಷಣವು ಬಂದಿದೆ.

ತುಳುನಾಡಿನ ಆಟಿ ಅಮಾವಾಸ್ಯೆಯ ಆಚರಣೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಚಾರಿತ್ರಿಕ ಬೆಲೆಯು ಹೆಚ್ಚಾಗಿ ಕಾಣುತ್ತದೆ. ಆ ದಿನ ಸೂರ್ಯೋದಯಕ್ಕೆ ಮುನ್ನ ಪಾಲೆಯ ಮರದ ಬಳಿಗೆ ಹೋಗಿ, ಕಬ್ಬಿಣವನ್ನು ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತೆಗೆಯುತ್ತಾರೆ. ಅದರ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮ ಮೊದಲಾದುವನ್ನು ಸೇರಿಸಿ, ಕಾದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಬಳಿಕ ಮೆಂತೆ ಗಂಜಿ. ಇಲ್ಲಿ ವೈದ್ಯನಿಲ್ಲ, ಓಲೆಗರಿಯಿಲ್ಲ. ಮನೆಯ ಹಿರಿಯನೇ ಮರವನ್ನು ಬಲ್ಲವನು. ಜೊತೆಗೆ ಹೋದ ಹುಡುಗನು ವರ್ಷವರ್ಷವೂ ಅದೇ ಮರದ ಬುಡದಲ್ಲಿ ನಿಂತು ಎಲೆಗಳು ಸುತ್ತಾಗಿ ಜೋಡಿಸಿರುವುದನ್ನೂ ಹಾಲು ಬರುವುದನ್ನೂ ಕಂಡು ಕಲಿಯುತ್ತಾನೆ. ಈ ಕಲಿಕೆಯು ತಪ್ಪಿದಲ್ಲಿ ಪರಿಣಾಮವು ಘೋರವಾದುದು. ಕತ್ತಲಲ್ಲಿ ಪಾಲೆಯೆಂದು ಕಾಸರಕದ ತೊಗಟೆಯನ್ನು ತರುವ ಅಪಾಯವನ್ನು ಕುರಿತು ಕರಾವಳಿಯ ವೈದ್ಯರು ಆಟಿಯ ದಿನಗಳಲ್ಲಿ ಎಚ್ಚರಿಸುತ್ತಿರುತ್ತಾರೆ. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಪ್ರಾಣಾಂತಿಕ ವಿಷ. ಹೋರ್ಟಸ್ ಗ್ರಂಥದ ಅದೇ ಮೊದಲನೆಯ ಸಂಪುಟದಲ್ಲಿ, ಪಾಲದಿಂದ ಎಂಟು ಚಿತ್ರಗಳಷ್ಟು ಹಿಂದೆ, ಕಾಸರಕವೂ ‘ಕಾಞ್ಞಿರಂ’ ಎಂಬ ಮಲೆಯಾಳದ ಹೆಸರಿನಲ್ಲಿದೆ. ಹಾಳೆಯ ಮೇಲೆ ಇವೆರಡರ ಅಂತರವನ್ನು ಯಾರು ಬೇಕಾದರೂ ಕಾಣಬಹುದು.

ಕನ್ನಡದಲ್ಲಿ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಮೊದಲಾದ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ಆದರೆ ಅವು ಹೇಳುವ ಗಿಡವು ಇಂಥದೇ ಎಂದು ನಿರ್ಧರಿಸುವಾಗ ಸಂಪಾದಕನು ಕೊನೆಗೆ ಹಳ್ಳಿಯ ನಾಟಿವೈದ್ಯನನ್ನು ಕೇಳದೆ ಗತಿಯಿಲ್ಲ.

ಹೋರ್ಟಸ್ ಗ್ರಂಥವು ಮಲೆಯಾಳಿಗಳ ಕೈಗೆ ಅವರ ಭಾಷೆಯಲ್ಲಿ ದೊರೆತುದು 2008ರಲ್ಲಿ. ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೆ. ಎಸ್. ಮಣಿಲಾಲ್ ಅವರು ದಶಕಗಳ ಕಾಲ ದುಡಿದು ಅದನ್ನು ಭಾಷಾಂತರಿಸಿದರು. ಇಂಗ್ಲಿಷ್ ಅವತರಣಿಕೆಯು 2003ರಲ್ಲಿಯೂ ಮಲೆಯಾಳದ್ದು ಐದು ವರ್ಷಗಳ ತರುವಾಯವೂ ಕೇರಳ ವಿಶ್ವವಿದ್ಯಾನಿಲಯದಿಂದ ಪ್ರಕಟವಾದುವು. ಅವರ ಕೆಲಸದ ವೈಶಿಷ್ಟ್ಯವು ಲ್ಯಾಟಿನ್ ಪಾಂಡಿತ್ಯವೊಂದರಲ್ಲಿಯೇ ಇಲ್ಲ. ಗ್ರಂಥದಲ್ಲಿ ಹೇಳಿದ ಸಸ್ಯಗಳನ್ನು ಅವರು ಮತ್ತೆ ಕಾಡುಮೇಡುಗಳಲ್ಲಿ ಹುಡುಕಿ, ಕಿತ್ತು ತಂದು, ಚಿತ್ರದೊಡನೆ ಹೋಲಿಸಿದರು. ರಂಗ ಭಟ್ಟ ಮೊದಲಾದವರು ಮೂಲಿಕೆ ಬಲ್ಲವರಿಂದ ಮಾಡಿಸಿದ ಕೆಲಸವನ್ನೇ ಇವರು ಇನ್ನೊಮ್ಮೆ ಮಾಡಬೇಕಾಯಿತು. 2002ರ ಜೀವವೈವಿಧ್ಯ ಕಾನೂನಿನ ಮೇರೆಗೆ ಗ್ರಾಮಗ್ರಾಮಗಳಲ್ಲಿ ಜೀವವೈವಿಧ್ಯ ದಾಖಲಾತಿಗಳನ್ನು ಸಿದ್ಧಪಡಿಸುವ ಏರ್ಪಾಡು ನಮ್ಮಲ್ಲಿದೆ. ಅವುಗಳಲ್ಲಿ ಸಸ್ಯದ ಹೆಸರಿಗೂ ಉಪಯೋಗಕ್ಕೂ ಅಂಕಣಗಳುಂಟು. ಅಂಥ ದಾಖಲಾತಿಗೆ ಹೋಗುವ ವಿದ್ಯಾರ್ಥಿಗಳು ಹೆಸರನ್ನು ಬರೆದುಕೊಂಡಷ್ಟಕ್ಕೆ ತೃಪ್ತರಾಗದೆ, ಹೇಳಿದವರೊಡನೆ ಆ ಮರದ ಬುಡದವರೆಗೆ ನಡೆದು ಹೋಗಿ, ಇದು ಅದೇ ಎಂದು ಆತ ಯಾವುದರಿಂದ ತಿಳಿಯುತ್ತಾನೆಂಬುದನ್ನೂ ಬರೆದುಕೊಂಡು ಬರುವುದು ಅವಶ್ಯಕ.