ಸಂಕಟದ ದಿನಗಳ ಸಂಗೀತ



2009ರ ಸೆಪ್ಟೆಂಬರ್ ತಿಂಗಳ ಕೊನೆಯ ದಿನಗಳನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಿರಿಯರು ಮರೆತಿರಲಾರರು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ಮಳೆಗಾಗಿ ಮುಗಿಲು ನೋಡುವುದೇ ರೂಢಿ. ಆ ವರ್ಷ ಮಾತ್ರ ಕೆಲವೇ ದಿನಗಳಲ್ಲಿ ಸುರಿದ ಮಳೆಗೆ ಮಣ್ಣಿನ ಮನೆಗಳು ಕುಸಿದವು, ನಿಂತ ಪೈರು ಕೊಳೆಯಿತು. ಅಕ್ಟೋಬರ್ 2ರ ಹೊತ್ತಿಗೆ ತುಂಗಭದ್ರೆಯು ಮಂತ್ರಾಲಯದ ಮಠವನ್ನೂ ಹೊಕ್ಕಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮುಂದೆ ಸರ್ಕಾರ 'ಆಸರೆ' ಎಂಬ ಹೆಸರಿನಲ್ಲಿ ದಾನಿಗಳ ನೆರವಿನಿಂದ ಮನೆಗಳನ್ನು ಕಟ್ಟಿಸಿತು.

ಅಂಥ ಹೊತ್ತಿನಲ್ಲಿ ಹಾಡುವುದು ಉಚಿತವೇ? ಮನೆಯವರನ್ನು ಕಳೆದುಕೊಂಡವರ ಮುಂದೆ ಹಾರ್ಮೋನಿಯಂ ಇಟ್ಟುಕೊಂಡು ಕುಳಿತರೆ ಅವರಿಗೆ ಹೇಗಾದೀತು? ಇದು ಹಗುರವಾದ ಪ್ರಶ್ನೆಯಲ್ಲ. ನೊಂದವನೆದುರು ಹಾಡುವವರನ್ನು ಪವಿತ್ರ ಗ್ರಂಥವೇ ಜ್ಞಾನೋಕ್ತಿಗಳ 25ನೆಯ ಅಧ್ಯಾಯದಲ್ಲಿ ಆಕ್ಷೇಪಿಸುತ್ತದೆ. ಇದಕ್ಕೆ ಉತ್ತರ ಹುಡುಕುತ್ತ ಬಹಳ ಹಿಂದಿನ ಇನ್ನೊಂದು ನೆರೆಯ ಕಡೆಗೆ ತಮ್ಮನ್ನು ಕರೆದೊಯ್ಯಬಯಸುತ್ತೇನೆ.

589ರಲ್ಲಿ ಟೈಬರ್ ನದಿ ಉಕ್ಕಿ ರೋಮ್ ನಗರವನ್ನು ಮುಳುಗಿಸಿತು. ಶ್ರೀಸಭೆಯ ಕಣಜಗಳು ಹಾಳಾಗಿ ಸಾವಿರಾರು ಅಳತೆ ಗೋದಿ ನಷ್ಟವಾಯಿತು. ನೀರು ಇಳಿದ ಬೆನ್ನಲ್ಲೇ ಪ್ಲೇಗ್ ಮಾರಿ ಬಂದು, 590ರ ಆರಂಭದಲ್ಲಿ ಜಗದ್ಗುರು ಎರಡನೆಯ ಪೆಲಾಜಿಯುಸ್‌ರನ್ನೇ ಬಲಿ ತೆಗೆದುಕೊಂಡಿತು. ಮುಂದಿನ ಜಗದ್ಗುರುವಾಗಿ ಆಯ್ಕೆಯಾಗಿದ್ದ ಗ್ರೆಗೊರಿಯವರಿಗೆ ಇನ್ನೂ ಪಟ್ಟಾಭಿಷೇಕ ಆಗಿರಲಿಲ್ಲ. ಅವರು ನಗರದ ಜನರನ್ನು ಏಳು ಗುಂಪು ಮಾಡಿ, ಏಳು ದೇವಾಲಯಗಳಿಂದ ಹೊರಟು ಕೀರ್ತನೆಗಳನ್ನೂ ಕರುಣೆ ಬೇಡುವ 'ಕಿರಿಯೆ' ಪ್ರಾರ್ಥನೆಯನ್ನೂ ಹಾಡುತ್ತ ಮಾತೆ ಮರಿಯಮ್ಮನವರ ಮಹಾದೇವಾಲಯದಲ್ಲಿ ಕೂಡಬೇಕೆಂದು ಏರ್ಪಡಿಸಿದರು.

ಆ ಗುಂಪುಗಳು ಯಾರುಯಾರದೆಂಬುದನ್ನು ಸಮಕಾಲೀನ ಇತಿಹಾಸಕಾರ, ಟೂರ್ಸ್ ನಗರದ ಧರ್ಮಾಧ್ಯಕ್ಷ ಗ್ರೆಗೊರಿಯವರು ಬರೆದಿಟ್ಟಿದ್ದಾರೆ. ಗುರುಗಳದು ಒಂದು, ಮಠವಾಸಿಗಳದು ಒಂದು, ಕನ್ಯಾಸ್ತ್ರೀಯರದು ಒಂದು, ಮಕ್ಕಳದು ಒಂದು, ಗೃಹಸ್ಥರದು ಒಂದು, ವಿಧವೆಯರದು ಒಂದು, ಮುತ್ತೈದೆಯರದು ಒಂದು. ವಿಧವೆಯರ ಗುಂಪನ್ನು ದಯವಿಟ್ಟು ಗಮನಿಸಿ. ಶುಭಕಾರ್ಯಗಳಲ್ಲಿ ವಿಧವೆಯನ್ನು ಹಿಂದೆ ಸರಿಸುವ ನಮ್ಮ ಮನೆಗಳನ್ನು ನೆನೆದಾಗ ನನಗೆ ಅದು ದೊಡ್ಡ ಸಂಗತಿಯಾಗಿ ಕಾಣುತ್ತದೆ. ಅಲ್ಲಿ ನೊಂದವರು ಯಾರೋ ಹಾಡಿದ್ದನ್ನು ಕೇಳುತ್ತ ಕೂರಲಿಲ್ಲ. ತಾವೇ ಹಾಡುತ್ತ ನಡೆದರು. ಜ್ಞಾನೋಕ್ತಿಯ ಆಕ್ಷೇಪ ಅವರನ್ನು ಮುಟ್ಟದು.

ಮೆರವಣಿಗೆ ನಡೆದಿರುವಾಗಲೇ ಒಂದು ತಾಸಿನೊಳಗೆ ಎಂಬತ್ತು ಜನ ಕುಸಿದು ಸತ್ತರೆಂದೂ ಅದೇ ಇತಿಹಾಸಕಾರರು ಬರೆದಿದ್ದಾರೆ. ರೋಗದ ಕಾಲದಲ್ಲಿ ಹಾಗೆ ಜನ ಸೇರಿಸುವುದನ್ನು ಇಂದಿನ ವೈದ್ಯರು ಒಪ್ಪಲಾರರು. 2020ರಲ್ಲಿ ನಾವೂ ದೇವಾಲಯದ ಬಾಗಿಲು ಮುಚ್ಚಿದೆವು. ಹಾಡು ಮಾರಿಯನ್ನು ತಡೆಯಲಿಲ್ಲ. ಆದರೆ ಮುಚ್ಚಿದ ಕದಗಳ ಹಿಂದೆ ಒಬ್ಬೊಬ್ಬರೇ ಸಾಯುತ್ತಿದ್ದವರು ಒಂದು ಜನವಾಗಿ ಬೀದಿಗೆ ಬಂದರು.

ಇದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಸಾವಾದ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವ ಪದ್ಧತಿಯನ್ನು ತಾವು ನೋಡಿಯೇ ಇದ್ದೀರಿ. ತಾಳ ಹಿಡಿದವನು ಪಕ್ಕದ ಮನೆಯವನು. ಪಲ್ಲವಿಗೆ ದನಿಗೂಡಿಸುವವರಲ್ಲಿ ಸತ್ತವನ ಅಣ್ಣತಮ್ಮಂದಿರೂ ಇರುತ್ತಾರೆ. ಲಿಂಗಸುಗೂರು ತಾಲೂಕಿನ ಮುದಗಲ್ ನಮ್ಮ ಹಳೆಯ ಕ್ರೈಸ್ತ ನೆಲೆಗಳಲ್ಲೊಂದು. ಅದೇ ಊರು ಮೊಹರಂಗೂ ಹೆಸರುವಾಸಿ. ಕರ್ಬಲಾದ ಸಾವಿನ ಶೋಕವನ್ನು ಹಾಡುವ ರಿವಾಯತ್ ಪದಗಳಿಗೆ ಈ ಭಾಗದಲ್ಲಿ ಹಿಂದೂಗಳೂ ದನಿಗೂಡಿಸುತ್ತಾರೆ.

ನೆರೆಗಿಂತಲೂ ಈ ನೆಲವನ್ನು ಹೆಚ್ಚು ಕಾಡಿದ್ದು ಬರ. 1876ರಿಂದ 78ರವರೆಗಿನ ಮಹಾಬರದಲ್ಲಿ ದಕ್ಷಿಣ ಭಾರತದ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಮಳೆ ಕೈಕೊಟ್ಟ ವರ್ಷ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಹೊರುತ್ತಾರೆ. ರೊಟ್ಟಿಯ ಹಂಚಿನ ಮೇಲೆ ಸೆಗಣಿಯ ಗುರ್ಜಿಯನ್ನಿಟ್ಟು, ಅದಕ್ಕೆ ಗರಿಕೆ ಸಿಕ್ಕಿಸಿ, ಒಬ್ಬನ ತಲೆಯ ಮೇಲೆ ಹೊರಿಸಿ, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಅದು ನಮ್ಮ ವಿಶ್ವಾಸದ ಆಚರಣೆಯಲ್ಲ, ನಿಜ. ಆದರೂ ಅದರ ಕ್ರಮವನ್ನು ನೋಡಿ. ಕುಡಿಯುವ ನೀರಿಗೇ ಕಷ್ಟವಿರುವ ಮನೆಯೊಡತಿಯೂ ಒಂದು ತಂಬಿಗೆ ತಂದು ಗುರ್ಜಿಯ ಮೇಲೆ ಸುರಿಯುತ್ತಾಳೆ. ಹೊತ್ತವನು ಗರಗರನೆ ತಿರುಗುತ್ತಾನೆ, ನೀರು ಸುತ್ತ ನಿಂತವರಿಗೆಲ್ಲ ಸಿಡಿಯುತ್ತದೆ. ಆಮೇಲೆ ಆಕೆ ಮೊರದಲ್ಲಿ ಜೋಳವನ್ನೋ ಹಿಟ್ಟನ್ನೋ ತಂದು ಜೋಳಿಗೆಗೆ ಹಾಕುತ್ತಾಳೆ. ಇದ್ದವರ ಮನೆಯದೂ ಇಲ್ಲದವರ ಮನೆಯದೂ ಹೀಗೆ ಒಂದೇ ಜೋಳಿಗೆಯಲ್ಲಿ ಬೆರೆಯುತ್ತದೆ. ಅದರಿಂದಲೇ ಅಡುಗೆ ಮಾಡಿ, ಹಾಡಿದವರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ.