ಬಂದೂಕಿನ ಪ್ಲಾಸ್ಟಿಕ್ ಮ್ಯಾಗಜೀನ್: ಹಳೆಯದು ಸೀಳಿದ್ದೇಕೆ, ಹೊಸದು ಬಾಳುವುದೇಕೆ?

ಕೊಪ್ಪಳದ ಕೋಟೆಯನ್ನು ನೀವು ಹತ್ತಿ ನೋಡಿರಬಹುದು. ಟಿಪ್ಪು ಸುಲ್ತಾನನು 1786ರಲ್ಲಿ ಅದನ್ನು ಪಾಳೆಯಗಾರನಿಂದ ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರರ ನೆರವಿನಿಂದ ಬಲಪಡಿಸಿದ. 1790ರಲ್ಲಿ ನಿಜಾಮನ ಸೈನ್ಯವೂ ಈಸ್ಟ್ ಇಂಡಿಯಾ ಕಂಪನಿಯ ತುಕಡಿಯೂ ಸೇರಿ ಅದಕ್ಕೆ ಮುತ್ತಿಗೆ ಹಾಕಿದವು. ಆಗ ನಡೆದ ಒಂದು ಸಂಗತಿ ಭೌತವಿಜ್ಞಾನದವರಿಗೆ ಸ್ವಾರಸ್ಯಕರ. ಮುತ್ತಿಗೆ ಹಾಕಿದವರ ತೋಪುಗಳು ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ತಾವೇ ಹಾರಿಸಿದ ಗುಂಡುಗಳ ಆಘಾತಕ್ಕೆ ಕೆಲವೇ ದಿನಗಳಲ್ಲಿ ಕೆಟ್ಟುಹೋದವು. ಕೋಟೆ ಶರಣಾದದ್ದು 1791ರ ಏಪ್ರಿಲ್‌ನಲ್ಲಿ. ಅದೂ ಬೆಂಗಳೂರು ಬಿದ್ದ ಸುದ್ದಿ ತಲುಪಿದ ಮೇಲೆ.

ಇನ್ನೂರು ವರ್ಷಗಳ ನಂತರ, 1999ರ ಕಾರ್ಗಿಲ್ ಯುದ್ಧದಲ್ಲಿ, ಅದೇ ಬಗೆಯ ದೂರು ಮತ್ತೆ ಕೇಳಿಬಂತು. ಈ ಬಾರಿ ಕೈಕೊಟ್ಟದ್ದು ಎರಕದ ಲೋಹವಲ್ಲ, ಪ್ಲಾಸ್ಟಿಕ್. 1998ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಕಾಣಿಸಿಕೊಂಡಿದ್ದ ನಮ್ಮದೇ ಇನ್ಸಾಸ್ ರೈಫಲಿನ ಮ್ಯಾಗಜೀನುಗಳು ಪರ್ವತದ ಚಳಿಯಲ್ಲಿ ಸೀಳುತ್ತಿದ್ದವೆಂದು ವರದಿಗಳು ಬಂದವು. ‘ಪ್ಲಾಸ್ಟಿಕ್ ಅಂದ ಮೇಲೆ ಇನ್ನೇನಾಗುತ್ತದೆ?’ ಎಂದು ಆಡಿಕೊಂಡವರು ಹಲವರು. ಆ ಮಾತು ಎಷ್ಟರಮಟ್ಟಿಗೆ ನಿಜ?

ಮ್ಯಾಗಜೀನ್ ಎಂದರೆ ಇಲ್ಲಿ ಓದುವ ಪತ್ರಿಕೆಯಲ್ಲ, ಬಂದೂಕಿಗೆ ಗುಂಡು ಉಣಿಸುವ ಡಬ್ಬಿ. ಎನ್‌ಸಿಸಿ ಶಿಬಿರಕ್ಕೆ ಹೋದವರು ನೋಡಿರುತ್ತಾರೆ. ಒಳಗೊಂದು ಸ್ಪ್ರಿಂಗ್ ಗುಂಡುಗಳನ್ನು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ. ಅವು ಹೊರಕ್ಕೆ ಚಿಮ್ಮದಂತೆ ಮೇಲಂಚಿನ ಎರಡು ‘ತುಟಿ’ಗಳು ತಡೆದು ಹಿಡಿದಿರುತ್ತವೆ. ಈ ತುಟಿಗಳು ಸ್ವಲ್ಪವೇ ಅಗಲವಾದರೂ, ಒಂದರಲ್ಲಿ ಬಿರುಕು ಬಿಟ್ಟರೂ ಗುಂಡು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಸಾವಿರಾರು ರೂಪಾಯಿಯ ರೈಫಲು ಆಗ ಬರೀ ಕೋಲು. ಹಿಡಿದವನ ಪ್ರಾಣ ಆ ತುಟಿಯ ಮೇಲೆ ನಿಂತಿರುತ್ತದೆ.

ಮೊದಲ ಮ್ಯಾಗಜೀನುಗಳು ಉಕ್ಕಿನವು. ಎಕೆ-47ರ ಆರಂಭದ 30 ಗುಂಡಿನ ಡಬ್ಬಿ ಖಾಲಿ ಇದ್ದಾಗಲೇ 0.43 ಕಿಗ್ರಾಂ ತೂಗುತ್ತಿತ್ತು. ತೆಳು ತಗಡಿಗೆ ಏಣುಗಳನ್ನು ಕೊಟ್ಟು ಅದನ್ನು 0.33ಕ್ಕೆ ಇಳಿಸಿದರು. ಅಲ್ಯೂಮಿನಿಯಮ್ ಬಳಸಿದಾಗ 0.19 ಆಯಿತು. ಆದರೆ ಅಲ್ಯೂಮಿನಿಯಮ್ ನೆಗ್ಗುತ್ತದೆ. ನೆಗ್ಗಿದ ತುಟಿ ಕಣ್ಣಿಗೆ ಸರಿಯಾಗಿಯೇ ಕಂಡು ಕೆಲಸದಲ್ಲಿ ಕೈಕೊಡುತ್ತದೆ. ಕೊನೆಗೆ ರಷ್ಯನ್ನರು ಗಾಜಿನ ನಾರು ಬೆರೆಸಿದ ಫೀನಾಲ್-ಫಾರ್ಮಾಲ್ಡಿಹೈಡ್ ರಾಳಕ್ಕೆ ಬಂದರು. ಕೆಂಗಂದು ಬಣ್ಣದ ಆ ಮ್ಯಾಗಜೀನಿಗೆ ಜನ ‘ಬೇಕಲೈಟ್’ ಎಂದೇ ಹೆಸರಿಟ್ಟರು. ತೂಕ 0.24 ಕಿಗ್ರಾಂ. ಎರಡು ಹೋಳುಗಳನ್ನು ಎಪಾಕ್ಸಿಯಿಂದ ಅಂಟಿಸಿ, ಹೆಚ್ಚು ಸವೆಯುವ ಕಡೆ ಉಕ್ಕಿನ ತುಂಡುಗಳನ್ನು ಕೂರಿಸುತ್ತಿದ್ದರು. ಆರು ಮ್ಯಾಗಜೀನು ಹೊರುವ ಸೈನಿಕನಿಗೆ ಉಕ್ಕಿಗಿಂತ ಅರ್ಧ ಕಿಗ್ರಾಂ ಉಳಿತಾಯ. ಹಳೆಯ ಪಾಲಿಮರ್ ಎಂದ ಮಾತ್ರಕ್ಕೆ ಕಳಪೆ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಬೇಕಲೈಟ್ ಜಾತಿಯ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಅಣುಸರಪಳಿಗಳು ಅಡ್ಡಕೊಂಡಿಗಳಿಂದ ಬಲೆಯಂತೆ ಬೆಸೆದಿರುತ್ತವೆ. ಹೀಗಾಗಿ ಬಿಸಿಲಿಗೆ ಬಾಗದು. ಆದರೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ನೈಲಾನ್ ಬೇರೆ ಜಾತಿ. ಕಾಯಿಸಿದರೆ ಕರಗುತ್ತದೆ, ಅಚ್ಚಿಗೆ ಚುಚ್ಚಿ ನಿಮಿಷದೊಳಗೆ ಹೊರತೆಗೆಯಬಹುದು. ಅದರ ತೊಂದರೆ ನೀರು. ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ಪೂರ್ತಿ ಒಣಗಿದಾಗ ಪೆಡಸಾಗುತ್ತದೆ. ಗಾಜಿನ ನಾರು ಬೆರೆಸಿದರೆ ಈ ಚಾಂಚಲ್ಯ ಬಹಳ ಕಡಿಮೆಯಾಗುತ್ತದೆ.

ತಾಪವ್ಯತ್ಯಾಸದ ಲೆಕ್ಕವನ್ನು ನೀವೇ ಮಾಡಿ ನೋಡಿ. ಯಲಬುರ್ಗಾದ ಯುವಕನೊಬ್ಬ ಬೇಸಿಗೆಯಲ್ಲಿ ಊರ ಕಡೆ 40 ಡಿಗ್ರಿ ಸೆ. ಕಂಡು, ಲಡಾಖಿನ ಕಾವಲಿಗೆ ಹೋದಾಗ ಮೈನಸ್ 20 ಕಾಣುತ್ತಾನೆ. ವ್ಯತ್ಯಾಸ 60 ಡಿಗ್ರಿ. 60 ಮಿಮೀ ಅಗಲದ ಉಕ್ಕು ಇಷ್ಟರಲ್ಲಿ ಕುಗ್ಗುವುದು ಸುಮಾರು 0.04 ಮಿಮೀ. ಬರಿಯ ನೈಲಾನ್ ಸುಮಾರು 0.3 ಮಿಮೀ. ಗಾಜಿನ ನಾರು ಬೆರೆಸಿದ ನೈಲಾನ್ ಸುಮಾರು 0.1 ಮಿಮೀ. ಉಕ್ಕಿನ ಗುಂಡಿಯೊಳಗೆ ಬಿಗಿಯಾಗಿ ಕೂರಬೇಕಾದ ಪ್ಲಾಸ್ಟಿಕ್ ಡಬ್ಬಿಗೆ ಈ ಅಂತರ ದೊಡ್ಡದು.

ಈಗ ಬಿಸಿಲಿನ ವಿಷಯ. ಗಂಗಾವತಿಯ ಅಕ್ಕಿ ಗಿರಣಿಯ ಬಿಳಿ ಪ್ಲಾಸ್ಟಿಕ್ ಚೀಲವನ್ನು ಒಂದು ಬೇಸಿಗೆ ಮಾಳಿಗೆಯ ಮೇಲೆ ಬಿಟ್ಟರೆ, ಮುಟ್ಟಿದಲ್ಲೆಲ್ಲ ಪುಡಿಯಾಗಿ ಉದುರುತ್ತದೆ. ಕುಷ್ಟಗಿಯ ದಾಳಿಂಬೆ ತೋಟದ ಕಪ್ಪು ಹನಿ ನೀರಾವರಿ ಪೈಪು ಅದೇ ಬಿಸಿಲಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಪೈಪಿನಲ್ಲಿ ಬೆರೆಸಿದ ಇಂಗಾಲದ ಮಸಿ ಅತಿನೇರಳೆ ಕಿರಣವನ್ನು ತಾನೇ ಹೀರಿಕೊಂಡು ಸರಪಳಿಗಳನ್ನು ಕಾಯುತ್ತದೆ. ಇನ್ಸಾಸ್ ಮ್ಯಾಗಜೀನು ಅರೆಪಾರದರ್ಶಕವಾಗಿತ್ತು. ಎಷ್ಟು ಗುಂಡು ಉಳಿದಿವೆ ಎಂದು ಹೊರಗಿನಿಂದಲೇ ಕಾಣುತ್ತಿತ್ತು. ಸೈನಿಕನಿಗೆ ಇದು ಅನುಕೂಲವೇ. ಆದರೆ ಹಾಗೆ ಕಾಣಬೇಕಾದರೆ ಮಸಿ ಬೆರೆಸುವಂತಿಲ್ಲ, ಬೆಳಕನ್ನು ಚದರಿಸುವ ಗಾಜಿನ ನಾರನ್ನೂ ಧಾರಾಳವಾಗಿ ತುಂಬುವಂತಿಲ್ಲ.

ಹಾಗೆಂದು ಪಾರದರ್ಶಕತೆಯೊಂದನ್ನೇ ದೂರಲಾಗದು. ಆಸ್ಟ್ರಿಯದ ಸ್ಟೈಯರ್ ಎಯುಜಿ ರೈಫಲಿನ ಮ್ಯಾಗಜೀನು 1970ರ ದಶಕದಿಂದಲೂ ಅರೆಪಾರದರ್ಶಕವೇ, ಒಳ್ಳೆಯ ಹೆಸರನ್ನೂ ಪಡೆದಿದೆ. ಚಳಿಯಲ್ಲಿ ಪಾಲಿಮರ್ ಸೀಳುವುದು ಅದರ ಅಣುಸರಪಳಿಗಳು ಹೊರಳಾಡುವ ಶಕ್ತಿ ಕಳೆದುಕೊಂಡಾಗ. ಇದಕ್ಕೆ ‘ಗಾಜು-ಸಂಕ್ರಮಣ ತಾಪ’ವನ್ನು ಸೂಚಕವಾಗಿ ಪಠ್ಯಗಳು ಕೊಡುತ್ತವೆ. ಆದರೆ ಅದೊಂದೇ ಸಾಲದು. ಪಾಲಿಕಾರ್ಬೊನೇಟಿನ ಗಾಜು-ಸಂಕ್ರಮಣ ತಾಪ ಸುಮಾರು 147 ಡಿಗ್ರಿ. ಆದರೂ ಸರಪಳಿಯ ಸಣ್ಣ ತುಣುಕುಗಳು ಅಲುಗಾಡುತ್ತಲೇ ಇರುವುದರಿಂದ ಶೂನ್ಯಕ್ಕಿಂತ ಕೆಳಗೂ ಅದು ಗಟ್ಟಿಮುಟ್ಟು. ಪಾಲಿಪ್ರೊಪಿಲೀನಿನದು ಶೂನ್ಯದ ಆಸುಪಾಸು. ಕೊಪ್ಪಳದಲ್ಲಿ ಬಾಗುವ ಬಕೆಟ್ಟು ದ್ರಾಸ್‌ನಲ್ಲಿ ಒಡೆಯುತ್ತದೆ. ಇದರ ಮೇಲೆ, ಒಳಮೂಲೆ ಚೂಪಾಗಿದ್ದರೆ ಎಂಥ ಪಾಲಿಮರ್ ಆದರೂ ಪೀಡನ ಅಲ್ಲಿಯೇ ಸಾಂದ್ರವಾಗಿ ಬಿರುಕು ಶುರುವಾಗುತ್ತದೆ.

ಹೊಸ ತಲೆಮಾರಿನ ಮ್ಯಾಗಜೀನು ಗೆದ್ದದ್ದು ಇಂಥ ಸಣ್ಣಪುಟ್ಟ ವಿವರಗಳಲ್ಲಿ. ಅಮೆರಿಕದ ಮ್ಯಾಗ್‌ಪುಲ್ ಕಂಪನಿ 2007ರಲ್ಲಿ ತಂದ ಪಿಮ್ಯಾಗ್ ನಾರು ಬೆರೆಸಿದ ಪಾಲಿಮರಿನದು. ತುಂಬಿಟ್ಟ ಮ್ಯಾಗಜೀನಿನಲ್ಲಿ ಸ್ಪ್ರಿಂಗಿನ ಒತ್ತಡ ವರ್ಷಗಟ್ಟಲೆ ತುಟಿಯ ಮೇಲೆ ಬಿದ್ದರೆ ಪಾಲಿಮರ್ ನಿಧಾನವಾಗಿ ಹಿಗ್ಗುತ್ತದೆ. ಬಿಸಿಯಲ್ಲಿ ಇನ್ನೂ ಬೇಗ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ನಿಂತ ಜೀಪಿನ ಒಳಗಿನ ಕಬ್ಬಿಣದ ಪೆಟ್ಟಿಗೆಯನ್ನು ನೆನೆದುಕೊಳ್ಳಿ. ಇದಕ್ಕೆ ಅವರು ಕಂಡುಕೊಂಡ ಉಪಾಯ ಒಂದು ಮುಚ್ಚಳ. ಅದು ದೂಳನ್ನು ತಡೆಯುವುದರ ಜೊತೆಗೆ ಮೇಲಿನ ಗುಂಡನ್ನು ಅದುಮಿ ತುಟಿಯ ಹೊರೆ ಇಳಿಸುತ್ತದೆ. ಇಷ್ಟು ಸರಳವಾದದ್ದು ಹಿಂದಿನವರಿಗೆ ಹೊಳೆಯದಿದ್ದುದು ನನಗಂತೂ ಸೋಜಿಗ. 2016ರಲ್ಲಿ ಅಮೆರಿಕದ ಮರೀನ್ ದಳ ಇದರ ಮೂರನೆಯ ಪೀಳಿಗೆಯನ್ನು ಅಂಗೀಕರಿಸಿತು. ನಮ್ಮಲ್ಲಿ 2021ರ ಡಿಸೆಂಬರಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲುಗಳಿಗೆ ಒಪ್ಪಂದವಾಯಿತು. ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಅದರ ಮ್ಯಾಗಜೀನೂ ಪಾಲಿಮರಿನದೇ. ಅಂದರೆ ಕಾರ್ಗಿಲ್ ನಂತರವೂ ಪಾಲಿಮರನ್ನು ಕೈಬಿಡಲಿಲ್ಲ.

ತರಗತಿಯಲ್ಲಿ ಮಾಡಿ ತೋರಿಸಬಹುದಾದ ಭಾಗವೊಂದಿದೆ. ಹಾರ್ಡ್‌ವೇರ್ ಅಂಗಡಿಯಿಂದ ತೆಳುವಾದ ನೈಲಾನ್ ವಾಷರುಗಳನ್ನೂ, ಹಳೆಯ ಪಾಲಿಥೀನ್ ಕ್ಯಾನಿನಿಂದ ಕತ್ತರಿಸಿದ ತುಂಡನ್ನೂ ತನ್ನಿ. ರಸಾಯನ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ, ಎರಡನ್ನೂ ನೀರಿನಲ್ಲಿ ಮುಳುಗಿಸಿಡಿ. ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. ಪಾಲಿಥೀನ್ ತೂಕ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ನೈಲಾನಿನದು ಏರುತ್ತ ಹೋಗಿ, ಪೂರ್ತಿ ನೀರು ಕುಡಿದಾಗ ನೂರು ಗ್ರಾಮಿಗೆ ಎಂಟು-ಒಂಬತ್ತು ಗ್ರಾಮಿನಷ್ಟು ಹೆಚ್ಚುತ್ತದೆ. ವರ್ನಿಯರ್ ಇದ್ದರೆ ವ್ಯಾಸವನ್ನೂ ಅಳೆಯಿರಿ.