ಯಕೃದ್ರೋಗದಲ್ಲಿ ಶಸ್ತ್ರವೂ ಪಶ್ಚಾತ್ಕರ್ಮವೂ: ವಿಜಯನಗರ ಕಾಲದ ವೈದ್ಯವಿಚಾರ

ಹಂಪೆಯ ಅರಸರ ಐಶ್ವರ್ಯವನ್ನು ವಿಸ್ತಾರವಾಗಿ ವರ್ಣಿಸಿದ ಪರದೇಶೀಯರು ಅವರ ರೋಗಗಳ ವಿಷಯದಲ್ಲಿ ಮಿತಭಾಷಿಗಳು. ಪೋರ್ಚುಗೀಸನಾದ ನೂನಿಜನು ಮಾತ್ರ, ಕೃಷ್ಣದೇವರಾಯನು (ಮರಣ ೧೫೨೯) ಕಡೆಗಾಲದಲ್ಲಿ ತೊಡೆಸಂದಿನ ನೋವಿಗೆ ತುತ್ತಾದನೆಂದೂ, ಅವನ ಪೂರ್ವಿಕರನ್ನು ಕೊಂದುದೂ ಅದೇ ಬೇನೆಯೆಂದೂ ಬರೆದಿದ್ದಾನೆ. ಇಷ್ಟರಿಂದ ರೋಗನಿರ್ಣಯ ಮಾಡಹೊರಡುವುದು ಸಾಹಸವೇ ಸರಿ.

ಆ ಕಾಲದ ವೈದ್ಯಗ್ರಂಥಗಳಾದರೋ ಉಳಿದಿವೆ. ಸಾಯಣನ ಹೆಸರಿನ ಆಯುರ್ವೇದಸುಧಾನಿಧಿ, ಕನ್ನಡದಲ್ಲಿ ಮಂಗರಾಜನ ಖಗೇಂದ್ರಮಣಿದರ್ಪಣ (ಸು. ೧೩೬೦), ಶ್ರೀಧರದೇವನ ವೈದ್ಯಾಮೃತ (ಸು. ೧೫೦೦) ಪ್ರಸಿದ್ಧವಾಗಿವೆ. ಆದರೆ ಶಸ್ತ್ರಕರ್ಮದ ಸಾಂಗೋಪಾಂಗ ವಿವರಕ್ಕೆ ಆಕರವಾದ ಸುಶ್ರುತಸಂಹಿತೆಗೇ ಹೋಗಬೇಕಾಗುತ್ತದೆ.

ಸುಶ್ರುತನು ವೈದ್ಯನ ಕೆಲಸವನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮಗಳೆಂದು ಮೂರಾಗಿ ವಿಂಗಡಿಸಿದನು. ಯಕೃತ್ತು ಬೆಳೆದು ಹೊಟ್ಟೆ ಉಬ್ಬುವ ಯಕೃದ್ದಾಲ್ಯುದರದಲ್ಲಿ ಬಲತೋಳಿನ ಸಿರಾವ್ಯಧವನ್ನು ಹೇಳಿದ್ದಾನೆ. ನೀರು ತುಂಬಿದ ಉದರಕ್ಕೆ ವಿಧಿಯು ಇನ್ನೂ ವಿಸ್ತಾರವಾದುದು. ಹೊಕ್ಕುಳಿನ ಕೆಳಗೆ ಎಡಗಡೆ, ರೋಮರಾಜಿಯಿಂದ ನಾಲ್ಕಂಗುಲ ಬಿಟ್ಟು, ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಿ, ನಾಳವನ್ನಿಟ್ಟು ನೀರನ್ನು ಹೊರಬಿಡಬೇಕು. ಎಲ್ಲವನ್ನೂ ಒಂದೇ ದಿನ ತೆಗೆಯಕೂಡದು. ತೆಗೆದರೆ ತೃಷ್ಣೆ, ಜ್ವರ, ಶ್ವಾಸಾದಿ ಉಪದ್ರವಗಳು ತೋರುವುವು. (ಇಂದಿನ ವೈದ್ಯರೂ ಒಮ್ಮೆಗೇ ಬಹಳ ನೀರನ್ನು ತೆಗೆಯಬೇಕಾದಾಗ ಆಲ್ಬುಮಿನ್ ಕೊಟ್ಟು ರಕ್ತಸಂಚಾರವನ್ನು ಕಾಯುತ್ತಾರೆ.) ಬಳಿಕ ಹೊಟ್ಟೆಯನ್ನು ಬಿಗಿಯಾಗಿ ಸುತ್ತಿ, ಆರು ತಿಂಗಳು ಹಾಲು ಅಥವಾ ಜಾಂಗಲಮಾಂಸರಸ, ಮೂರು ತಿಂಗಳು ಅರ್ಧ ನೀರು ಬೆರೆತ ಹಾಲು ಮೊದಲಾದುದು, ಉಳಿದ ಮೂರು ತಿಂಗಳು ಲಘುವಾದ ಹಿತಾಹಾರ. ಚುಚ್ಚುವುದು ಕ್ಷಣಮಾತ್ರದ ಕೆಲಸ, ಪಶ್ಚಾತ್ಕರ್ಮ ಒಂದು ಸಂವತ್ಸರದ್ದು.

ಇದನ್ನು ಯಕೃತ್ತಿನ ಅರ್ಬುದದ ಚಿಕಿತ್ಸೆಯೆಂದು ಹೊಗಳುವುದು ಅಭಿಮಾನದ ಅತಿರೇಕ. ಕರುಳಿಗಾಗಿ ಉದರವನ್ನು ಸೀಳುವ ವಿಧಿ ಸುಶ್ರುತನಲ್ಲುಂಟು, ಯಕೃತ್ತನ್ನು ಕತ್ತರಿಸುವ ವಿಧಿಯಿಲ್ಲ. ಆದರೆ ಅರ್ಬುದವನ್ನು ಶೇಷವುಳಿಸಿ ತೆಗೆದರೆ ಅದು ಮತ್ತೆ ಹುಟ್ಟುವುದೆಂಬ ತತ್ತ್ವವನ್ನು ಅವನು ಕಂಡಿದ್ದನು; ಶಸ್ತ್ರದೊಡನೆ ಕ್ಷಾರಾಗ್ನಿಗಳನ್ನು ವಿಧಿಸಿದ್ದು ಇದಕ್ಕಾಗಿಯೇ. ಯಕೃತ್ತಿನ ಭಾಗವನ್ನು ಕತ್ತರಿಸಿ ತೆಗೆಯುವ ಕಾರ್ಯವನ್ನು ಜರ್ಮನಿಯ ಲಾಂಗೆನ್‌ಬುಖನು ೧೮೮೮ರಲ್ಲಿ ಸಾಧಿಸಿದನು. ಹೀಗೆ ಅರ್ಬುದವನ್ನು ತೆಗೆದ ಮೇಲೂ ಐದು ವರ್ಷಗಳೊಳಗೆ ನೂರಕ್ಕೆ ಎಪ್ಪತ್ತರವರೆಗಿನ ರೋಗಿಗಳಲ್ಲಿ ಅದು ಮರುಕಳಿಸುತ್ತದೆ. ಶಸ್ತ್ರದ ಬಳಿಕ ಕೊಟ್ಟ ಸೊರಾಫೆನಿಬ್ ೨೦೧೫ರ ಪರೀಕ್ಷೆಯಲ್ಲಿ ನಿಷ್ಫಲವಾಯಿತು. ೨೦೨೩ರಲ್ಲಿ ಅಟೆಜೊಲಿಜುಮಾಬ್, ಬೆವಾಸಿಜುಮಾಬ್‌ಗಳ ಜೋಡಿಯು ಮರುಕಳಿಕೆಯನ್ನು ತಡೆಯುವಂತೆ ತೋರಿದರೂ ಮರುವರ್ಷದ ದೀರ್ಘಾವಲೋಕನದಲ್ಲಿ ಆ ಫಲ ನಿಲ್ಲಲಿಲ್ಲ.

ಮರಳಿ ವಿಜಯನಗರಕ್ಕೆ ಬಂದರೆ, ವರ್ಷವೊಂದರ ಪಥ್ಯದ ವೆಚ್ಚವನ್ನು ಬಡ ರೋಗಿಗೆ ಭರಿಸುತ್ತಿದ್ದವರು ಯಾರೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಗ್ರಂಥಗಳಲ್ಲಲ್ಲ, ಶಾಸನಗಳಲ್ಲಿ ಅರಸಬೇಕು. ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಆ ಮಠವನ್ನು ನಾನಾ ರೋಗಿಗಳ ಚಿಕಿತ್ಸೆಯ ಸ್ಥಾನವೆನ್ನುತ್ತದೆ. ಚೋಳರ ತಿರುಮುಕ್ಕೂಡಲಿನ ಆತುರಾಲಯದಲ್ಲಿ ೧೧ನೆಯ ಶತಮಾನದಲ್ಲಿಯೇ ಹದಿನೈದು ಹಾಸಿಗೆಗಳೂ, ವೈದ್ಯನೊಬ್ಬನೂ, ಶಸ್ತ್ರಕ್ರಿಯೆಗೆ ಬೇರೊಬ್ಬನೂ ಇದ್ದರು. ಶ್ರೀರಂಗದಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿ, ದಾಳಿಯಲ್ಲಿ ಹಾಳಾಗಿದ್ದ ಆರೋಗ್ಯಶಾಲೆಯನ್ನು ಗರುಡವಾಹನಭಟ್ಟನು ವಿಜಯನಗರದ ಆಳಿಕೆಯಲ್ಲಿ, ಶಕ ೧೪೧೫ರಲ್ಲಿ (ಕ್ರಿ.ಶ. ೧೪೯೩), ಜೀರ್ಣೋದ್ಧಾರ ಮಾಡಿ ಅಲ್ಲಿ ಧನ್ವಂತರಿಯನ್ನು ಪ್ರತಿಷ್ಠಿಸಿದನು.